ಹೂವಮ್ಮನ ಆಸ್ಪತ್ರೆ ಮುಂದಿನ ಹಂಪ್

ಆಲೂರು
೧೬ ಜೂನ್ ೨೦೨೪, ಭಾನುವಾರ

ಪ್ರೀತಿಯ ಅಮೂಲ್ಯಾ,

...ನಮ್ಮದೇ ಆಸ್ಪತ್ರೆ ಇಷ್ಟು ಹತ್ತಿರ ಇದ್ದೂ ದೂರ ಯಾಕೆ ಹೋಗಬೇಕು ಅಂದಿದ್ದೆಯಲ್ಲ, ಸೀಮಂತದ ದಿನ, ಬಳೆ ತೊಡಿಸಿಕೊಳ್ಳುತ್ತಾ. ಅಥವಾ ಹತ್ತಿರ ಇರುವುದಕ್ಕೇ ನಮ್ಮವರು ಹೋಗುವುದಿಲ್ಲ ಅಂದೆಯೋ. ಬಳೆಗಾರ ನಡುವೆ ಮಾತಾಡಿದ, ಅರ್ಧವೇ ಕೇಳಿಸಿತು. ಅದಕ್ಕೆ ಉತ್ತರ ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದೆ. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಫೋನು ಸ್ಪೀಕರಿನಲ್ಲೇ ಇರುತ್ತದೆ, ನಿನ್ನ ಅಪ್ಪನ ಎದುರಿಗೆ.

ಎದೆಯುರಿ ಕಡಿಮೆಯಾಯಿತೇ? ನಿನ್ನ ಕೋಣೆಗೆ ಸುಣ್ಣ ಹೊಡೆಸಿದ್ದಾರೆ. ಮೊದಲ ಹೆರಿಗೆ ತವರಿನದು, ಹಾಗಾಗಿ ಮುಂದಿನ ವಾರ ನಿನ್ನನ್ನು ಕರೆತರಲು ಸಿರುಗುಪ್ಪಕ್ಕೆ ಕಾರು ಬರುತ್ತದೆ. ಹೆರಿಗೆಗೆ ಮಾತ್ರ ಬಳ್ಳಾರಿ ಎಂದು ನಿನ್ನ ಅಪ್ಪ, ಅದೇ ನಮ್ಮ ಭಾವ, ಆಗಲೇ ತೀರ್ಮಾನ ಮಾಡಿದ್ದಾರೆ.

ನಿನ್ನ ಅಜ್ಜಿ ಹೂವಮ್ಮ ಮೂರನೆಯ ಹೆರಿಗೆಯಲ್ಲಿ ಮನೆಯಲ್ಲೇ ತೀರಿಕೊಂಡರು, ಆಗ ಈ ಊರಿನಲ್ಲಿ ಹೋಗಲು ಜಾಗವಿರಲಿಲ್ಲ. ಅವರ ಹೆಸರಿನ ಹೆರಿಗೆ ಆಸ್ಪತ್ರೆಗೆ ಮಠ ಜಾಗ ಕೊಟ್ಟಿತು, ನಮ್ಮ ಹತ್ತಿ ಜಿನ್ನಿಂಗ್ ಮಿಲ್ಲಿನವರು ಕಟ್ಟಿಸಿದರು. ಆಸ್ಪರಿ ಕಡೆಯ ಹೆಂಗಸರು ಬರುತ್ತಾರೆ, ಹೆರುತ್ತಾರೆ, ಸೀರೆ ಕುಬಸ ಕೊಬ್ಬರಿ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಮನೆಯ ಹೆಂಗಸರು ಮಾತ್ರ ಅಲ್ಲಿ ಹೆತ್ತಿಲ್ಲ. ದಾನ ಕೊಟ್ಟದ್ದನ್ನು ಕೊಟ್ಟವರು ಮರಳಿ ಮುಟ್ಟಬಾರದಂತೆ. ಹಾಗಾಗಿ ಒಳಗಿನ ಹಾಸಿಗೆ ಹೇಗಿದೆ ಎಂದು ಕೊಟ್ಟವರಿಗೆ ಗೊತ್ತಿಲ್ಲ. ಗಂಡಸರು ವಾರ್ಡಿಗೆ ಹೋಗುವಂತಿಲ್ಲ, ಹೆಂಗಸರು ಹೋಗುವುದಿಲ್ಲ. ಅಮೃತಶಿಲೆಯ ಫಲಕದವರೆಗೆ ಹೋಗಿ, ಕೈಮುಗಿದು, ಬರುತ್ತೇವೆ.

ಟ್ರಸ್ಟಿನಲ್ಲಿ ಒಬ್ಬಳಾದರೂ ಹೆಂಗಸು ಇರಲೆಂದು ನನ್ನ ಹೆಸರು ಹಾಕಿದ್ದಾರೆ. ಚಹಾ ಎಲ್ಲರಿಗೂ ಬಂತೇ ಎಂದು ನೋಡುವುದು ನನ್ನ ಕೆಲಸ. ಹೋದ ಸಭೆಯಲ್ಲಿ, ಆದೋನಿಯಿಂದ ಬರುವ ಡಾಕ್ಟರ್ ನಾಗಜ್ಯೋತಿ ಬಹಳ ಹೊತ್ತು ಮಾತಾಡಿದರು. ಕರೆಂಟ್ ಹೋದಾಗ ಮೊಬೈಲ್ ಬೆಳಕಿನಲ್ಲಿ ಹೊಲಿಗೆ ಹಾಕಿದರಂತೆ.

"ಗೇಟಿನ ಆರ್ಚ್ ಒಂದು ಮುಗೀಲಿ ಡಾಕ್ಟ್ರಮ್ಮಾ, ಆಮ್ಯಾಲ ಜನರೇಟರ್ ನೋಡೋಣು" ಎಂದರು ಭಾವ.

"ಸರೇ ಸಾರ್. ಅಲ್ಲೀತನಕ ಆರ್ಚ್ ಕೆಳಗ ಡೆಲಿವರಿ ಮಾಡ್ಲಾ? ಬಿಸಿಲಿನ ಬೆಳಕಾದ್ರೂ ಇರ್ತೈತಿ."

ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ನಾನು ಕಪ್ಪು ಕೆಳಗಿಟ್ಟು, "ಭಾವ, ಅಮೂಲ್ಯಾನ ಹೆರಿಗಿ ಇಲ್ಲೇ ಆಗ್ಲಿ" ಎಂದೆ.

"ಏನಂದಿ? ಈ ಮರಿಬಸಪ್ಪನ ಮಗಳು ಧರ್ಮದ ಹಾಸಿಗಿ ಮ್ಯಾಲ ಮಲಗ್ಬೇಕಾ?"

"ಮಠದ ದಾಸೋಹಕ್ಕ ಜೋಳ ನಾವೇ ಕೊಡ್ತೀವಿ, ನಾವೇ ಕುಂತು ಉಣ್ತೀವಲ್ರಿ."

"ಅದು ಪ್ರಸಾದ, ಭುವನಾ. ಇದು ಹೆರಿಗಿ. ನೀ ಓದಿದಾಕಿ, ಇಷ್ಟು ತಿಳೀಬಾರ್ದಾ?"

ನಿನ್ನ ಚಿಗಪ್ಪ ಎಂದಿನಂತೆ ಮೊಬೈಲು ನೋಡುತ್ತಿದ್ದರು. ಚರ್ಚೆ ಆರ್ಚಿನ ಬಣ್ಣಕ್ಕೆ ಹೋಯಿತು.

ಹೊರಗೆ ಆಯಾ ದಸ್ತಗಿರಮ್ಮ ನಿಂತಿದ್ದಳು. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಬಿಡಮ್ಮಾ. ನಿಮ್ಮ ಮನಿ ಹುಡುಗಿ ಒಂದಿನ ಮಲಗಿದ್ರ ಸಾಕಿತ್ತು, ಈ ಫ್ಯಾನಿಗೂ ಬುದ್ಧಿ ಬರ್ತಿತ್ತು."

ಅವಳು ತಮಾಷೆಗೆ ಅಂದದ್ದು. ನನಗೆ ತಮಾಷೆಯಾಗಿ ಉಳಿಯಲಿಲ್ಲ. ನೀನು ಹಠ ಹಿಡಿದರೆ ಜನರೇಟರ್ ಆ ವಾರವೇ ಬರುತ್ತದೆ, ಹಾಸಿಗೆಗಳೂ ಬದಲಾಗುತ್ತವೆ, ನಿನ್ನ ನಂತರ ಬರುವವರಿಗೂ ಅವೇ ಇರುತ್ತವೆ. ಹೀಗೆ ಬರೆಯುವಾಗಲೇ, ನಿನ್ನ ಬಸಿರನ್ನು ಅರ್ಜಿ ಮಾಡಿಕೊಂಡು ತಿರುಗುತ್ತಿದ್ದೇನೆಯೇ ಎಂಬ ಅನುಮಾನವೂ ಬರುತ್ತದೆ. ಅದಕ್ಕೆ ನಿನ್ನ ಸ್ಕ್ಯಾನನ್ನು ನಾಗಜ್ಯೋತಿಯವರಿಗೆ ತೋರಿಸಿದೆ. "ಬೇಬಿ ಪೊಜಿಷನ್ ಬಾಗುಂದಿ, ಚಲೋ ಐತಿ, ಬಿಪಿ ನಾರ್ಮಲ್. ಕರೆಂಟಿಗೆ ಒಂದು ದಾರಿ ಮಾಡ್ರಿ, ನಾನು ಇಲ್ಲೇ ಉಳಕೋತೀನಿ" ಎಂದರು. ಜನರೇಟರ್ ಬಾರದಿದ್ದರೆ ನೀನು ಇಲ್ಲಿಗೆ ಬರಬೇಡ, ಬಳ್ಳಾರಿಗೇ ಹೋಗು. ಆದರೆ ಒಂದು ಸಲ ಕೇಳು. ನಿನ್ನ ಅಪ್ಪ ಇಲ್ಲ ಎನ್ನಲಾರದ್ದು ನಿನಗೊಬ್ಬಳಿಗೇ. ಕಾರು ಹತ್ತುವ ಮೊದಲೇ ಹೇಳು. ಹತ್ತಿದ ಮೇಲೆ ಹೇಳುವುದು ಕಷ್ಟ.

ಊಟ ಬಿಡಬೇಡ. ಎಡಮಗ್ಗುಲಿಗೆ ಮಲಗು. ಹೂವಮ್ಮತ್ತೆಗೆ ಸಿಗದ ಮುಪ್ಪು ನಿನಗೆ ಸಿಗಲಿ, ನಿನ್ನ ಮಗುವಿಗೂ ಸಿಗಲಿ.

ನಿನ್ನ ಚಿಗವ್ವ,
ಭುವನಾ

ತಾ. ಕ.: ನನಗೆ ಮಕ್ಕಳಾಗಲಿಲ್ಲ ಎಂದು ನಿನಗೆ ಹೇಳಿದ್ದಾರೆ. ಒಂದು ಆಗಿತ್ತು, ನೀನು ಹುಟ್ಟುವ ಮೊದಲು. ತವರಿನವರು ಕರೆಯಲು ಬರುವಷ್ಟರಲ್ಲೇ ನೋವು ಬಂತು. ನಿನ್ನ ಅಪ್ಪ ಕಾರು ಓಡಿಸುತ್ತಿದ್ದರು, ಪಕ್ಕದಲ್ಲಿ ಚಿಗಪ್ಪ. ಆಸ್ಪತ್ರೆ ಮುಂದೆ ಹಂಪ್ ಇದೆಯಲ್ಲ, ಅಲ್ಲಿ ಕಾರು ನಿಧಾನವಾಯಿತು. ಗೇಟು ತೆರೆದಿತ್ತು. ದಸ್ತಗಿರಮ್ಮ ಬಾಗಿಲಲ್ಲಿ ನಿಂತಿದ್ದಳು, ಆಗ ಅವಳ ಕೂದಲು ಕಪ್ಪು. ನಿಲ್ಲಿಸುತ್ತಿದ್ದಾರೆ ಅಂದುಕೊಂಡು ನಾನು ಕಾಲಿನಿಂದ ಚಪ್ಪಲಿ ಹುಡುಕಿದೆ. ಕಾರು ಹಂಪ್ ದಾಟಿ ಹೋಯಿತು. ಬಳ್ಳಾರಿ ದಾರಿಯಲ್ಲಿ, ಜಾಲಿಗಿಡಗಳ ಪಕ್ಕ, ಮಗು ಬಂತು. ಅಳಲಿಲ್ಲ. ಹೆಣ್ಣು. ಅದರ ನೆನಪಿಗೆ ಮನೆಯವರು ವಾರ್ಡಿಗೆ ಒಂದು ತೊಟ್ಟಿಲು ಕೊಟ್ಟರು. ದಾನ ಕೊಟ್ಟದ್ದು, ನಾನು ಅದನ್ನು ಮುಟ್ಟುವಂತಿಲ್ಲ.

ಹೂವಮ್ಮತ್ತೆ, ನಿಮಗೆ ಹೋಗಲು ಬಾಗಿಲೇ ಇರಲಿಲ್ಲ. ನನ್ನೆದುರು ನಿಮ್ಮ ಹೆಸರಿನ ಬಾಗಿಲು ತೆರೆದಿತ್ತು. ಹಿಂದಿನ ಸೀಟಿನಲ್ಲಿದ್ದದ್ದು ನೀವಾಗಿದ್ದರೆ, ನಿಮ್ಮ ಮಕ್ಕಳು ಕಾರು ನಿಲ್ಲಿಸುತ್ತಿದ್ದರೇ?