ಅರ್ಧ ಬೆಲೆಗೆ ಕೊಂಡ ದನಿ

ಡಿಸೆಂಬರ್ ೯, ಮಧ್ಯಾಹ್ನ

ನನ್ನ ಜಗಳಗಂಟಿ ಮಗಳಿಗೆ,

ನಾನು ಚೆನ್ನಾಗಿದ್ದೇನೆ. ಸಿಟ್ಟಿನಲ್ಲಿದ್ದೇನೆ, ಆದರೂ ಚೆನ್ನಾಗಿದ್ದೇನೆ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಎರಡು ಮಾತು ಮುಂದೆ ಹೋಗಿರುತ್ತೀಯ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಭಾನುವಾರ ನೀನು ಅಂದದ್ದೆಲ್ಲ ಕಿವಿಯಲ್ಲೇ ಇದೆ. "ಅಮ್ಮಾ, ನಮ್ಮನೆಗೆ ಬರೋಕೆ ಮನೆ ಖಾಲಿ ಮಾಡೋ ಹೊತ್ತಲ್ಲಿ ಹೊಸ ಸಾಮಾನು ಯಾಕೆ ತರ್ತೀಯ? ಆ ಕ್ರಿಸ್‌ಮಸ್ ಸಿನಿಮಾ ಟೀವೀಲೇ ಇದೆ, ಬಟನ್ ಒತ್ತಿದ್ರೆ ಬರತ್ತೆ. ಡಿಸ್ಕ್ ಹಾಕೋಕೆ ನಿನ್ನ ಹತ್ರ ಪ್ಲೇಯರ್ರೂ ಇಲ್ಲ." ಹಿಂದಿನಿಂದ ಅಳಿಯಂದಿರು, "ಅತ್ತೆಗೆ ಡಿಸ್ಕೌಂಟ್ ಬೋರ್ಡ್ ಕಂಡ್ರೆ ಸಾಕು" ಎಂದು ನಕ್ಕದ್ದೂ ಕೇಳಿಸಿತು. ನಗಲಿ. ಆ ಡಿಸ್ಕ್ ಕೊಂಡದ್ದು ಹೌದು, ಅರ್ಧ ಬೆಲೆಗೆ ಕೊಂಡದ್ದೂ ಹೌದು. ಮರುದಿನ ಹೋಗಿ ಪ್ಲೇಯರನ್ನೂ ತಂದೆ.

ನೀನು ಹೇಳಿದ ಬಟನ್ನನ್ನು ಡಿಸ್ಕ್ ಕೊಳ್ಳುವ ಮೊದಲೇ ಒತ್ತಿ ನೋಡಿದ್ದೆ. ಚಿತ್ರವೇನೋ ಅದೇ. ಹಬ್ಬದ ಹಿಂದಿನ ಸಂಜೆ ಹಿಮದಲ್ಲಿ ಸಿಕ್ಕಿಬಿದ್ದ ರೈಲು, ಸಣ್ಣ ಸ್ಟೇಷನ್ನು, ಬೀಗ ಜಡಿದ ಕಾಯುವ ಕೋಣೆ, ಹೊರಗೆ ನಡುಗುವ ಜನ. ಆದರೆ ನಮ್ಮ ಭಾಷೆಯ ಮಾತುಗಳನ್ನೆಲ್ಲ ಹೊಸಬರಿಂದ ಮತ್ತೆ ಡಬ್ ಮಾಡಿಸಿದ್ದಾರೆ. ಟಿಕೆಟ್ ಕೊಡುವ ಹೆಂಗಸು ಜಾಹೀರಾತಿನಲ್ಲಿ ಸೋಪು ಮಾರುವವಳ ಹಾಗೆ ಮಾತಾಡುತ್ತಾಳೆ. ನಾನು ಟೀವಿ ಆರಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಡಿಸ್ಕಿನ ಅಂಗಡಿ ಇದೆಯಲ್ಲ, ಎಲ್ಲರೂ ಕ್ಯಾಸೆಟ್ ಅಕ್ಕ ಅನ್ನುತ್ತಾರಲ್ಲ, ಆಕೆಯದು. ಅಂಗಡಿ ಮುಚ್ಚುತ್ತಿದ್ದಾಳೆ. ಉಳಿದ ಮಾಲನ್ನೆಲ್ಲ ಪ್ಲಾಸ್ಟಿಕ್ ಬುಟ್ಟಿಗಳಿಗೆ ಸುರಿದು ಅರ್ಧ ಬೆಲೆ ಎಂದು ಚೀಟಿ ಅಂಟಿಸಿದ್ದಳು. ನೆಲದ ಮೇಲೆ ಕೂತು ಹುಡುಕಿದೆ. ಮಂಡಿ ಹಿಡಿದುಕೊಂಡಿತು, ಬಿಡಲಿಲ್ಲ. ಕೊನೆಗೆ ಸಿಕ್ಕಿತು, ಹಳೆಯ ಡಬ್ಬಿಂಗೇ.

"ತಗೊಂಡ್ಮೇಲೆ ವಾಪಸ್ ಇಲ್ಲ, ಇಲ್ಲೇ ಹಾಕಿ ನೋಡ್ಬಿಡಿ" ಎಂದು ಅಂಗಡಿಯ ಟೀವಿಗೇ ಹಾಕಿಕೊಟ್ಟಳು. ಸ್ಟೇಷನ್ನಿನ ಸಾಹೇಬ ಕೋಣೆ ತೆಗೆಯಕೂಡದೆಂದು ಅಪ್ಪಣೆ ಮಾಡುವ ದೃಶ್ಯ ಬಂತು. ಟಿಕೆಟ್ಟಿನವಳು ತಲೆ ಎತ್ತಿದಳು. ನನಗೇ ತಿಳಿಯದಂತೆ ಅವಳ ಜೊತೆಜೊತೆಗೇ ನನ್ನ ಬಾಯಿಯೂ ಹೇಳಿಬಿಟ್ಟಿತು: "ಬೀಗ ನಿಮ್ಮದಿರಬಹುದು ಸಾಹೇಬ್ರೆ, ಬೀಗದ ಕೈ ನನ್ನ ಸೊಂಟದಲ್ಲಿದೆ!"

ಕ್ಯಾಸೆಟ್ ಅಕ್ಕ ಟೀವಿಯತ್ತ ನೋಡಿದಳು, ನನ್ನತ್ತ ನೋಡಿದಳು.

"ಅಮ್ಮಾ, ಇದು ನೀವಾ?"

"ನಾನೇ" ಅಂದೆ. ಆ ಒಂದು ಮಾತನ್ನು ಯಾರ ಮುಂದೆಯೂ ಆಡದೆ ಎಷ್ಟು ಕಾಲವಾಗಿತ್ತೋ! ಅಂಗಡಿಯಲ್ಲಿ ನಿಂತೇ ಅತ್ತೆ. ಆಕೆ ಸ್ಟೂಲು ಹಾಕಿ ಕೂರಿಸಿದಳು.

ಹೌದಮ್ಮ, ಅದು ನಿನ್ನ ಅಮ್ಮನೇ. ಮೂರು ವರ್ಷ ನಾನು ಸಿನಿಮಾಗಳಿಗೆ ದನಿ ಕೊಟ್ಟಿದ್ದೆ. ಸ್ಟುಡಿಯೋ ಎಂದರೆ ಗೋಡೆಗೆ ಕಂಬಳಿ ಹೊಡೆದ ಒಂದು ಕೋಣೆ. ಸದ್ದು ಬೀಳುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಹಿಮದಲ್ಲಿ ಗಡಗಡ ನಡುಗುವವಳ ಮಾತು ಆಡಬೇಕಿತ್ತು. ನನಗೆ ಆ ಕೋಣೆಯಷ್ಟು ಇಷ್ಟವಾದ ಜಾಗ ಬೇರೆ ಇರಲಿಲ್ಲ.

ನಿನ್ನ ಅಪ್ಪ ಒಳ್ಳೆಯವರು. ನನಗೆ ಜ್ವರ ಬಂದರೆ ಅವರು ಊಟ ಬಿಡುತ್ತಿದ್ದರು. ಆದರೆ ಇದೊಂದನ್ನು ಮಾತ್ರ ಸಹಿಸಲಾರದೆ ಹೋದರು. ಅವರ ಆಫೀಸಿನಲ್ಲಿ ಯಾರೋ, "ನಿಮ್ಮ ಮನೆಯವರ ನಗು ನಿನ್ನೆ ಟೀವೀಲಿ ಕೇಳಿದ್ವಿ, ಚೆನ್ನಾಗಿತ್ತು" ಎಂದು ಕಣ್ಣು ಮಿಟುಕಿಸಿದರಂತೆ. "ನನ್ನ ಹೆಂಡತಿ ನಗೋದು ನನ್ನ ಮನೆಗೆ ಕೇಳಿದ್ರೆ ಸಾಕು" ಎಂದು ಬಂದು ಕೂತರು. ಅಲ್ಲಿಗೆ ಮುಗಿಯಿತು. ಪ್ರತಿ ಡಿಸೆಂಬರಿನಲ್ಲೂ ಈ ಸಿನಿಮಾ ಬಂದರೆ ಚಾನೆಲ್ ಬದಲಿಸುತ್ತಿದ್ದರು. ನೀನು ರಂಪ ಮಾಡುತ್ತಿದ್ದೆ. ನಾನು ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ. ತೀರಿಕೊಂಡವರನ್ನು ಬೈಯಲು ಬರೆಯುತ್ತಿಲ್ಲ, ಪುಟ್ಟಿ. ಅವರ ಫೋಟೋ ಗೋಡೆಯ ಮೇಲೇ ಇದೆ, ದಿನಾ ಧೂಳು ಒರೆಸುತ್ತೇನೆ. ಆದರೆ ಡಿಸ್ಕ್ ಹಾಕುವಾಗ ಅವರ ಅಪ್ಪಣೆ ಕೇಳುವುದಿಲ್ಲ.

ಇನ್ನೊಂದು ವಿಷಯ. ಕ್ಯಾಸೆಟ್ ಅಕ್ಕನ ಗೆಳತಿ ಮಕ್ಕಳ ಕಾರ್ಟೂನುಗಳಿಗೆ ಡಬ್ಬಿಂಗ್ ಮಾಡಿಸುತ್ತಾಳಂತೆ. ಶುಕ್ರವಾರ ಹೋಗಿದ್ದೆ. ಗಾಜಿನ ಆಚೆ ಕೂತ ಆಕೆ, "ಒಳ್ಳೆ ಅಜ್ಜಿ ತರ ಹೇಳಿ, ಮೆತ್ತಗೆ" ಅಂದಳು. ಹೇಳಿದೆ. "ಇನ್ನೂ ಸ್ವಲ್ಪ ಮೆತ್ತಗೆ" ಅಂದಳು. ಹೆಡ್‌ಫೋನ್ ತೆಗೆದೆ. "ನೋಡಮ್ಮ, ಮೆತ್ತಗಿರೋ ಅಜ್ಜಿ ಬೇಕಿದ್ರೆ ಬೇರೆಯವರನ್ನ ಕರೆಸ್ಕೊ. ನನ್ನ ಹತ್ರ ಇರೋದು ಗಟ್ಟಿ ಅಜ್ಜಿ."

ಕೆಲಸ ಹೋಯಿತು ಅಂದುಕೊಂಡೆ. ಆಮೇಲೆ ಆಕೆ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಕಾಡನ್ನೇ ಆಳುವ ಮುದಿ ತೋಳದ ಪಾತ್ರ ಕೊಟ್ಟಿದ್ದಾಳೆ, ಇಡೀ ಸರಣಿಗೆ. ನಾನು ಊಳಿಟ್ಟ ರಭಸಕ್ಕೆ ಆಕೆ ಕಿವಿ ಮುಚ್ಚಿಕೊಂಡಳು. ಗಂಟಲು ಇನ್ನೂ ಉರಿಯುತ್ತಿದೆ, ಬಿಸಿನೀರು ಕುಡಿಯುತ್ತಲೇ ಬರೆಯುತ್ತಿದ್ದೇನೆ.

ಆದ್ದರಿಂದ ನಾನು ಬರುವುದಿಲ್ಲ. ಮನೆ ಬಿಡುವುದಿಲ್ಲವೆಂದು ಮಾಲೀಕರಿಗೆ ಹೇಳಿಯಾಯಿತು. ಸಾಮಾನು ಕಟ್ಟಲು ನೀನು ಕಳಿಸಿದ ರಟ್ಟಿನ ಡಬ್ಬಗಳನ್ನು ಬಿಚ್ಚಿ ಒಳಕೋಣೆಯ ಗೋಡೆಗೆ ಬಡಿದಿದ್ದೇನೆ, ಮೇಲೆ ಕಂಬಳಿ ಹೊದಿಸಿದ್ದೇನೆ. ನಾನು ಅಲ್ಲಿ ನಿಂತು ಅಭ್ಯಾಸ ಮಾಡಿದರೆ ಪಕ್ಕದ ಮನೆಯವರಿಗೂ ಕೇಳದು. ಕೇಳಿದರೂ ಕೇಳಲಿ ಬಿಡು.

ನನಗಾಗಿ ನಿನ್ನ ಮನೆಯ ಹಿಂದಿನ ಕೋಣೆಗೆ ಬಣ್ಣ ಹೊಡೆಸಿದ್ದೀಯ. ಪ್ರೀತಿಯಿಂದಲೇ ಕರೆದೆ, ಗೊತ್ತು. ರಜೆಗೆ ಬಂದು ಅಲ್ಲಿ ಮಲಗುತ್ತೇನೆ, ಹೊಟ್ಟೆ ತುಂಬ ಜಗಳವಾಡಿ ಹೊರಟುಬರುತ್ತೇನೆ. ಬದುಕುವುದು ಮಾತ್ರ ಇಲ್ಲಿ. ಅಳಿಯಂದಿರಿಗೂ ಓದಿ ಹೇಳು, ತೋಳದ ಭಾಗವನ್ನು ಸ್ವಲ್ಪ ಜೋರಾಗಿಯೇ ಓದು.

ಇಂತಿ,
ಇನ್ನು ಮೆತ್ತಗಾಗದ ನಿನ್ನ
ಅಮ್ಮ

ತಾ.ಕ.: ಸಿನಿಮಾದ ಕೊನೆಯಲ್ಲಿ ಆ ಕಾಯುವ ಕೋಣೆಯೊಳಗೆ ಒಂದು ಮಗು ಅಳುತ್ತದೆ. ಅದು ನೀನು. ಆಗಿನ್ನೂ ನಡೆಯಲು ಬಾರದ ನಿನ್ನನ್ನು ಸ್ಟುಡಿಯೋಗೆ ಎತ್ತಿಕೊಂಡೇ ಹೋಗುತ್ತಿದ್ದೆ. ಮೈಕಿನ ಸ್ಪಂಜನ್ನು ನಿನ್ನ ಕೈಯಿಂದ ಕಿತ್ತುಕೊಂಡದ್ದಕ್ಕೆ ನೀನು ಕಿರುಚಿದೆ, ಸ್ಟುಡಿಯೋದವರು ಆ ಅಳುವನ್ನೇ ಸಿನಿಮಾಕ್ಕೆ ಇಟ್ಟುಕೊಂಡರು. ಚಾನೆಲ್ ಬದಲಿಸಿದಾಗಲೆಲ್ಲ ಅಪ್ಪ ನಿನ್ನ ದನಿಯನ್ನೂ ಆರಿಸುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ. ಬೇಕೆಂದೇ ನಾನು ಹೇಳಲಿಲ್ಲ.