ತಪಾಸಣೆಯ ದಿನ ಚಿಕ್ಕಪ್ಪನಿಗೆ ರಜೆ

ಮಾರ್ಚ್ 3, ಬೆಳಿಗ್ಗೆ
ಮತ್ತೆ ಫೈಲು. ಒಂದೊಂದು ವಾಲ್ವಿಗೂ ಮೂರು ಸಹಿ ಬೇಕಂತೆ. ಹೊರದೇಶದ ದೊಡ್ಡ ಪಂಪ್ ಕಂಪನಿಯ ಪೂರೈಕೆದಾರರ ಪಟ್ಟಿಗೆ ಒಮ್ಮೆ ಸೇರಿದರೆ ಸಾಕು, ಆಮೇಲೆ ಎಲ್ಲರೂ ನಂಬುತ್ತಾರೆ ಎನ್ನುತ್ತಾನೆ ಇದಕ್ಕೆಂದೇ ನಾನು ನೇಮಿಸಿಕೊಂಡ ಸಲಹೆಗಾರ. ಅಪ್ಪ ಈ ಕಾರ್ಖಾನೆ ಕಟ್ಟಿ ಇಪ್ಪತ್ತೆರಡು ವರ್ಷ. ಇವತ್ತಿಗೂ ನಮ್ಮ ವಾಲ್ವಿನ ಮೇಲೆ ಬೇರೆಯವರ ಹೆಸರೇ ಅಚ್ಚಾಗುತ್ತದೆ.

ಮಾರ್ಚ್ 9
ಆ ಕಂಪನಿಯವರ ತಪಾಸಣೆ ಹದಿನಾಲ್ಕಕ್ಕೆ. ಸಲಹೆಗಾರ ಶೆಡ್ ಸುತ್ತಿದ. ಚಿಕ್ಕಪ್ಪ ಎಂದಿನಂತೆ ವಾಲ್ವಿಗೆ ಗಾಳಿ ತುಂಬಿ, ಕಿವಿ ಹಚ್ಚಿ, ಎಲ್ಲಾದರೂ ಸೋರುತ್ತಿದೆಯೇ ಎಂದು ಕೇಳುತ್ತಿದ್ದರು.
"ಇವ್ರಿಗೆ ಸರ್ಟಿಫಿಕೇಟ್ ಇದ್ಯಾ ಮೇಡಂ?"
"ಏಳನೇ ಕ್ಲಾಸು."
"ಹಾಗಾದ್ರೆ ಅವತ್ತು ಇವ್ರು ಕಣ್ಣಿಗೆ ಬೀಳ್ಬಾರ್ದು."
ಮುಂದಿನ ಫೈಲಿಗೆ ಸಹಿ ಹಾಕತೊಡಗಿದೆ.

ಮಾರ್ಚ್ 13
ಹೇಳಿಬಿಟ್ಟೆ. "ಚಿಕ್ಕಪ್ಪ, ನಾಳೆ ಒಂದಿನ ರಜಾ ತಗೊಳ್ಳಿ."
"ಯಾಕೆ ಪುಟ್ಟಿ, ನಾನೇನು ಅಟ್ಟಕ್ಕೆ ಹಾಕೋ ಸಾಮಾನಾ?" ನಕ್ಕರು. ನಾನು ನಗಲಿಲ್ಲ. ಏಪ್ರನ್ ಮಡಿಸಿಟ್ಟು ಹೋದರು.

ಮಾರ್ಚ್ 14, ಸಂಜೆ
ಬಂದವರು ಇಬ್ಬರು. ಗೋಡೆಯ ಸರ್ಟಿಫಿಕೇಟುಗಳತ್ತ ತಿರುಗಿಯೂ ನೋಡಲಿಲ್ಲ. ಹಿರಿಯಾಕೆ ಹಳೆಯ ರಿಜಿಸ್ಟರು ತೆರೆದಳು. ಹನ್ನೊಂದು ವರ್ಷ — ಒಂದೂ ವಾಲ್ವ್ ವಾಪಸ್ ಬಂದಿಲ್ಲ. ಪ್ರತಿ ಸಾಲಿನಲ್ಲೂ ಚಿಕ್ಕಪ್ಪನ ಅದೇ ಸೊಟ್ಟ ಸಹಿ.
"ಪರೀಕ್ಷೆ ಮಾಡಿದ್ದು ಯಾರು?"
ಸಲಹೆಗಾರ ನನ್ನ ಮುಖ ನೋಡಿದ.
"ಅವರು ಕೆಲಸ ಬಿಟ್ಟು ಹೋದರು" ಎಂದೆ.
ಪಕ್ಕದಲ್ಲಿದ್ದ ಫಿಟರ್ ತಲೆ ತಗ್ಗಿಸಿದ.

ಮಾರ್ಚ್ 16
ಚಿಕ್ಕಪ್ಪ ಬಂದಿಲ್ಲ. ಫೋನ್ ಎತ್ತುತ್ತಿಲ್ಲ.

ಮಾರ್ಚ್ 21
ಇವತ್ತೂ ಇಲ್ಲ. ನಾಳೆ ಮನೆಗೇ ಹೋಗಬೇಕು. ಯಾವ ಮುಖ ಹೊತ್ತು...

ಏಪ್ರಿಲ್ 22
ಪಟ್ಟಿಗೆ ಸೇರಿದೆವು! ಪತ್ರ ಹಿಡಿದು ಕೊನೆಗೂ ಅವರ ಮನೆಗೆ ಹೋದೆ. ಚಿಕ್ಕಮ್ಮ ಬಾಗಿಲಲ್ಲೇ ನಿಂತರು, ಬಾ ಎನ್ನಲಿಲ್ಲ. ಪಟ್ಟಿಗೆ ಸೇರಿದ ಪತ್ರ ತಂದಿದ್ದೇನೆ ಎಂದೆ. ಒಳಗಿನಿಂದ ಚಿಕ್ಕಪ್ಪನ ದನಿ:
"ಕೆಲಸ ಬಿಟ್ಟೋನಿಗೆ ಯಾಕಂತೆ ಅದು? ಫಿಟರ್ ಎಲ್ಲಾ ಹೇಳಿದಾನೆ."
"ತಪ್ಪಾಯ್ತು ಚಿಕ್ಕಪ್ಪ."
"ರಜಾ ತಗೋ ಅಂದೆ, ತಗೊಂಡೆ. ಬಿಟ್ಟೋದ ಅಂದೆ, ಬಿಟ್ಟೆ. ನಿನ್ ಮಾತು ಯಾವತ್ತು ಮೀರಿದೀನಿ?"
ಬೈದಿದ್ದರೆ ಚೆನ್ನಾಗಿತ್ತು.

ಜುಲೈ 8
ಹಿರಿಯಾಕೆಯ ಮೇಲ್. ನಮ್ಮನ್ನು ಆರಿಸಿದ್ದೇ ಆ ರಿಜಿಸ್ಟರು ನೋಡಿ ಅಂತೆ. ಆ ಪರೀಕ್ಷಕರು ಎಲ್ಲಿದ್ದಾರೆ, ತಮ್ಮ ಕಂಪನಿಯವರಿಗೂ ಕಲಿಸಬಹುದೇ ಎಂದು ಕೇಳಿದ್ದಾಳೆ.
"ವಿಳಾಸ ಗೊತ್ತಿಲ್ಲ ಅಂತ ಬರೀರಿ ಮೇಡಂ," ಎಂದ ಸಲಹೆಗಾರ. "ಸುಳ್ಳು ಹೇಳಿದ್ರಿ ಅಂತ ಗೊತ್ತಾದ್ರೆ ಪಟ್ಟಿಯಿಂದ ಎತ್ತಿಬಿಡ್ತಾರೆ."
ನಾಲ್ಕು ಸಲ ಬರೆದು ಅಳಿಸಿದೆ. ಐದನೆಯದು ಹೀಗಿದೆ: ಅವರು ಬಿಟ್ಟು ಹೋಗಿರಲಿಲ್ಲ. ಅವರು ನನ್ನ ಚಿಕ್ಕಪ್ಪ. ಅಂದು ನಾನೇ ಅವರನ್ನು —