ಹೊತ್ತು ಮುಳುಗುವಾಗ ಆಟ ಬಿಟ್ಟವನು

ಉಗಾರ ಬುದ್ರುಕ,
ಕ್ಷಮಾವಣಿಯ ದಿನ, ೨೬ ಸೆಪ್ಟೆಂಬರ್ ೨೦೧೮

ಪ್ರೀತಿಯ ಅಭಿನಂದನಾ,

ನಿನ್ನ ಆಬಾನ ಆಶೀರ್ವಾದಗಳು. ಮೈಯಲ್ಲಿ ಹುಷಾರಿದ್ದೀಯಾ? ಧಾರವಾಡದ ಮಳೆ ನಿಂತಿತೇ? ಹಾಸ್ಟೆಲಿನ ಚಪಾತಿ ಈಗಲಾದರೂ ಹಲ್ಲಿಗೆ ಮಣಿಯುತ್ತದೆಯೇ? ಕೃಷಿ ಕಲಿಯಲು ಹೋದ ಮಗ ಕೃಶನಾಗಿದ್ದಾನೆಂದು ನಿನ್ನ ಅವ್ವನ ಕೊರಗು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಜ್ಜಿ, ಅಂದರೆ ನನ್ನ ಹೈಕಮಾಂಡು ರಾಜಮತಿ, ದಶಲಕ್ಷಣ ಪರ್ವದ ಹತ್ತೂ ದಿನ ಒಂದೇ ಹೊತ್ತು ಉಂಡು, ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟದೆ ವ್ರತ ಮುಗಿಸಿದಳು. ನಿನ್ನೆಯಿಂದ ಮತ್ತೆ ನನ್ನನ್ನು ಬೈಯತೊಡಗಿದ್ದಾಳೆ. ಗಟ್ಟಿಯಾಗಿದ್ದಾಳೆಂದು ಅದರಿಂದಲೇ ತಿಳಿದುಕೋ.

ಬೆಳಗಿನಿಂದ ಮನೆಯಲ್ಲಿ ಕೈಮುಗಿಯುವವರದೇ ಜಾತ್ರೆ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಮನ್ನಿಸಿ ಅನ್ನುತ್ತ ನನ್ನ ಹಳೆಯ ವಿದ್ಯಾರ್ಥಿಗಳೂ ಬಂದರು. ಅಷ್ಟು ವರ್ಷ ಅವರಿಗೆ ವ್ಯಾಕರಣ ಕಲಿಸಿದವನು ನಾನು. ನ್ಯಾಯವಾಗಿ ನಾನೇ ಅವರಲ್ಲಿ ಕ್ಷಮೆ ಕೇಳಬೇಕಿತ್ತು. ನಿನ್ನ ಕಾಕಾನ ಮಗ ಭೂಪಾಲನೂ ಬಂದು ಕಾಲಿಗೆ ಬಿದ್ದ. “ಅಭಿನಂದನಗ ಫೋನ್ ಹಚ್ಚಿದೇನಲೇ?” ಎಂದೆ. “ಹೆಂಗ ಹಚ್ಚಲಿರಿ ಆಬಾ? ಆಟದಾಗಿಂದ ತಗದಾನ, ನಂಬರೂ ಬ್ಲಾಕ್ ಮಾಡ್ಯಾನ” ಎಂದ. ಒಂದೇ ತೊಟ್ಟಿಲಲ್ಲಿ ಮಲಗಿ ಬೆಳೆದವರು ನೀವಿಬ್ಬರು. ಇಂಥ ದಿನ ಊರಿಗೆಲ್ಲ ಕೈಮುಗಿದು, ಒಬ್ಬರಿಗೊಬ್ಬರು ಮಾತ್ರ ಬೆನ್ನು ತೋರಿಸಿ ಕೂತರೆ ಹೇಗೆ? ಅದಕ್ಕೇ ಪೆನ್ನು ಹಿಡಿದೆ.

ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ನೀನು, ಭೂಪಾಲ, ಕಾಗವಾಡದ ಇಬ್ಬರು ಗೆಳೆಯರು, ನಾಲ್ವರೂ ಕೂಡಿ ಮೊಬೈಲಿನಲ್ಲಿ ಗುಂಡಿನ ಕಾಳಗ ಆಡುತ್ತೀರಿ. (ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವ ಜೈನ ಮನೆತನ ನಮ್ಮದು. ಇರಲಿ, ಆ ಗುಂಡು ಸಸ್ಯಾಹಾರಿಯೆಂದು ನಂಬಿದ್ದೇನೆ.) ಕಳೆದ ಶುಕ್ರವಾರ ಸಂಜೆ ಅಥಣಿಯ ಹುಡುಗರೊಂದಿಗೆ ಕೊನೆಯ ಸುತ್ತು. ನಡುವೆಯೇ ಭೂಪಾಲನ ಸಿಪಾಯಿ ಹೊಲದ ಬೆರ್ಚಪ್ಪನಂತೆ ನಿಂತುಬಿಟ್ಟ, ನೀವು ಸೋತಿರಿ. ನೀನು ಆಟದವರಿಗೆ ದೂರು ಕೊಟ್ಟೆ. ಅವರು ಅವನನ್ನು ವಾರದ ಮಟ್ಟಿಗೆ ಹೊರಗಿಟ್ಟರು. ಅದೂ ಸಾಲದೆಂದು, “ಹೊತ್ತು ಮುಳುಗೂದ್ರಾಗ ಉಣ್ಣಬೇಕಂತ ಆಟ ಬಿಟ್ಟು ಓಡಿಹೋಗೋ ಹೊಟ್ಟಿಬಾಕಗ ನಮ್ಮ ಟೀಮಿನ್ಯಾಗ ಜಾಗಾ ಇಲ್ಲ” ಎಂದು ಎಲ್ಲರೆದುರು ಸಾರಿದೆ. ರಾಮಬಾಣವಾದರೂ ಹುಸಿಯಾದೀತು, ಮೊಮ್ಮಗನ ಬ್ಯಾನು ಹುಸಿಯಾಗದು!

ದಂಡವೇ ಬೇಡ ಅನ್ನುವವನಲ್ಲ ನಾನು. ಮೂವರು ಬೆವರು ಸುರಿಸುವಾಗ ನಾಲ್ಕನೆಯವನು ಎದ್ದುಹೋದರೆ ಅದು ಮೂವರಿಗೂ ಮಾಡಿದ ಮೋಸ. ಎದ್ದು ಹೋಗದೆ, ಏನೂ ಮಾಡದೆ, ಗೆದ್ದದ್ದರಲ್ಲಿ ಪಾಲಿಗೆ ಕೂತವನು ಇನ್ನೂ ಕೆಟ್ಟವನು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವವರನ್ನು ನಾವು ಚಿಕ್ಕಂದಿನಿಂದ ಸಹಿಸಿದ್ದೇವೆ; ಲೆಕ್ಕಕ್ಕುಂಟು ಆಟಕ್ಕಿಲ್ಲ ಅನ್ನುವ ತಳಿಯೇ ಬೇರೆ. ನಮ್ಮ ಹೊಲಕ್ಕೆ ಬರುವ ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ ಸತ್ತೆಪ್ಪನನ್ನು ನೀನೂ ಬಲ್ಲೆ. ಸಾಲಿನ ನಡುವೆ ಯಾರಾದರೂ ಕೊಯ್ತಾ ಕತ್ತಿ ಕೆಳಗಿಟ್ಟರೆ ಅವನ ಬಾಯಿಂದ ಮೊದಲು ಬರುವುದು, “ಯಾಕೋ, ಏನಾತು?” ಬೈಗುಳ ಏನಿದ್ದರೂ ಉತ್ತರ ಕೇಳಿದ ಮೇಲೆ. ಜ್ವರವಿದ್ದರೆ ನೆರಳಿಗೆ ಕಳಿಸುತ್ತಾನೆ. ಮೈಗಳ್ಳತನವಿದ್ದರೆ ಮೊದಲ ದಿನ ಬರೀ ಮಾತು, ಮರುದಿನ ಕೂಲಿಗೆ ಕತ್ತರಿ, ಮತ್ತೂ ಬುದ್ಧಿ ಬಾರದಿದ್ದರೆ ಗ್ಯಾಂಗಿನಿಂದಲೇ ಹೊರಗೆ. ನಿಮ್ಮ ಆಟದ ಯಂತ್ರಕ್ಕೆ ಕಾಣುವುದು ಕೈ ಆಡಲಿಲ್ಲ ಎಂಬುದಷ್ಟೇ. ಕರೆಂಟು ಹೋಯಿತೇ, ಕಣ್ಣೀರು ಬಂತೇ ಎಂದು ಕೇಳಲು ಅದಕ್ಕೆ ಬಾಯಿಲ್ಲ. ನಿನಗಿದೆಯಲ್ಲ! ಭೂಪಾಲ ಇಷ್ಟು ದಿನ ಒಂದಾದರೂ ಆಟವನ್ನು ನಡುವೆ ಬಿಟ್ಟಿದ್ದನೇ? ಇಲ್ಲವೆಂದಾದರೆ ಮೊದಲ ಸಲಕ್ಕೇ ಕೊನೆಯ ಶಿಕ್ಷೆ ಯಾವ ನ್ಯಾಯ? ಅವನ ಕಾರಣವನ್ನು ನಾನು ಹೇಳುವಂತಿಲ್ಲ, ಮಾತು ಕೊಟ್ಟಿದ್ದೇನೆ. ನೀನೇ ಕೇಳು.

ಈ ಪತ್ರ ಮುಟ್ಟುವ ಹೊತ್ತಿಗೆ ಆಟದವರು ಕೊಟ್ಟ ಶಿಕ್ಷೆ ಮುಗಿದಿರುತ್ತದೆ. ನೀನು ಕೊಟ್ಟದ್ದು ಎಂದಿಗೆ ಮುಗಿಯುವುದೋ ಅವರಿಗೂ ಗೊತ್ತಿಲ್ಲ.

ಪರೀಕ್ಷೆ ಚೆನ್ನಾಗಿ ಬರೆ. ಹಾಲು ಬಿಡಬೇಡ. ನನ್ನಿಂದ ನಿನಗೇನಾದರೂ ನೋವಾಗಿದ್ದರೆ ಮನ್ನಿಸು. ಈ ದಿನ ಹಿರಿಯರೂ ಕಿರಿಯರಿಗೆ ಕೈಮುಗಿಯಬೇಕು. ನಾನು ಮುಗಿದೆ. ಇನ್ನು ನಿನ್ನ ಪಾಳಿ.

ನಿನ್ನ ಆಬಾ,
ಆಬಾಸಾಹೇಬ

ತಾ.ಕ.: ಟಪಾಲಿನವ ಬರುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ತಡೆಯಲಾಗಲಿಲ್ಲ, ಹೇಳಿಬಿಡುತ್ತೇನೆ. ಆ ಸಂಜೆ ಭೂಪಾಲ ಉಣ್ಣಲು ಹೋಗಿರಲಿಲ್ಲ. ಅಜ್ಜಿ ಚಕ್ಕರ್ ಬಂದು ಪಡಸಾಲೆಯಲ್ಲಿ ಬಿದ್ದಳು. ಸೂರ್ಯ ಆಗಲೇ ಕೃಷ್ಣೆಯ ಆಚೆ ದಂಡೆಗೆ ತಾಗಿದ್ದ. ಮುಳುಗಿದ್ದರೆ ಬೆಳಗಿನವರೆಗೆ ಆಕೆ ಹನಿ ನೀರಿಗೂ ಬಾಯಿ ತೆರೆಯುತ್ತಿರಲಿಲ್ಲ. ಭೂಪಾಲ ಓಡಿಬಂದು, ಮೊಬೈಲು ನೆಲಕ್ಕೆ ಒಗೆದು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಕಿರುವಾಗಲೇ ಚಮಚದಲ್ಲಿ ನೀರು ಕುಡಿಸಿದ. ಕಣ್ಣು ಬಿಟ್ಟವಳಿಗೆ ಮೊದಲು ಕಂಡದ್ದು ನೆಲದ ಮೇಲೆ ಆಟ ಇನ್ನೂ ನಡೆದೇ ಇದ್ದ ಮೊಬೈಲು. “ಅಯ್ಯ, ಸುಮ್ಮನ ನಿಂತ ಹುಡುಗಗ ಹೊಡ್ಯಾಕತ್ತಾರಲ್ಲ, ಯಾರರೆ ಬಿಡಸ್ರಿ!” ಅಂದಳು. ಆಮೇಲೆ, ಅಭಿನಂದನನ ಪರೀಕ್ಷೆ ಐತಿ, ಹೇಳಬ್ಯಾಡ್ರಿ ಎಂದು ನಮ್ಮಿಬ್ಬರಿಂದಲೂ ಆಣೆ ಹಾಕಿಸಿಕೊಂಡಳು. ಅದಕ್ಕೇ ಅವನು ಹೊಟ್ಟೆಬಾಕ ಅನ್ನಿಸಿಕೊಂಡೂ ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. ಆಕೆಗೆ ಇವತ್ತೇ ಕೈಮುಗಿದುಬಿಡುತ್ತೇನೆ. ಆಣೆ ಮುರಿಯಲು ಇದಕ್ಕಿಂತ ಅನುಕೂಲದ ದಿನ ಪಂಚಾಂಗದಲ್ಲೇ ಇಲ್ಲ. ನೀನು ಬ್ಲಾಕ್ ತೆಗೆದು ಅವನಿಗೆ ಫೋನ್ ಹಚ್ಚು. ಹೊತ್ತು ಮುಳುಗುವಾಗ ಮಾತ್ರ ಬೇಡ, ಉಣ್ಣುತ್ತಿರುತ್ತಾನೆ.